ನಾನು ತೆರೆಸಿದ ಬಾಗಿಲು

ಕಥೆಯ ಪುಸ್ತಕ ಕೈಗೆ ಸಿಕ್ಕಿದರೆ ನಾನು ಮೊದಲು ಓದುವುದು ಕೊನೆಯ ಪುಟ. ಇದು ಒಳ್ಳೆಯ ಅಭ್ಯಾಸವಲ್ಲವೆಂದು ನನಗೂ ಗೊತ್ತು. ನಮ್ಮ ಮನೆಯವರು, "ನೀನು ಊಟಕ್ಕೆ ಕೂತರೂ ಮೊದಲು ಮಜ್ಜಿಗೆ ಅನ್ನ ಉಂಡು, ಆಮೇಲೆ ಸಾರು ಬಡಿಸಿಕೊಳ್ಳುವವಳೇ," ಎಂದು ನಗುತ್ತಾರೆ. ನಗಲಿ. ಕೊನೆಯಲ್ಲಿ ಏನಾಯಿತು ಎಂದು ಗೊತ್ತಾಗದ ಹೊರತು ನನಗೆ ಯಾವ ಕಥೆಯೊಳಗೂ ಕಾಲಿಡಲು ಧೈರ್ಯ ಬರುವುದಿಲ್ಲ. ಈ ಪುಕ್ಕಲುತನ ಎಲ್ಲಿಂದ ಬಂತು ಎಂದು ಯಾರೂ ಕೇಳಿಲ್ಲ. ನೀವೂ ಕೇಳಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಾನು ಮಾಡಿದ್ದು ತಪ್ಪೋ ಸರಿಯೋ ಎನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ. ಇನ್ನೊಬ್ಬರಿಗಾದರೂ ತಿಳಿದರೆ ಒಳ್ಳೆಯದು.

ನಾವು ಆಗ ಕುರ್ಲಾದ ಒಂದು ಚಾಳಿನಲ್ಲಿದ್ದೆವು. ನಮ್ಮ ತಂದೆ ಮೈಸೂರು ಕಡೆಯಿಂದ ಬಂದು ಒಂದು ಗಿರಣಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದರು. ಎರಡನೇ ಮಾಳಿಗೆಯಲ್ಲಿ ಸಾಲಾಗಿ ಹನ್ನೆರಡು ಖೋಲಿಗಳು, ಮನೆಗೊಂದೇ ಕೋಣೆ, ಮುಂದೆ ಉದ್ದಕ್ಕೂ ಒಂದೇ ಗ್ಯಾಲರಿ. ಆ ಗ್ಯಾಲರಿಯಲ್ಲಿ ನಡೆದರೆ ಯಾರ ಮನೆಯಲ್ಲಿ ಇವತ್ತು ಏನು ಪಲ್ಯ ಎನ್ನುವುದು ಮೂಗಿಗೆ ಗೊತ್ತಾಗುತ್ತಿತ್ತು, ಯಾರ ಮನೆಯಲ್ಲಿ ಜಗಳ ಎನ್ನುವುದು ಕಿವಿಗೆ. ನಮ್ಮ ಪಕ್ಕದ ಖೋಲಿಯಲ್ಲಿ ನೀಲಕ್ಕ ಮತ್ತು ಅವರ ಮಗಳು ಕಸ್ತೂರಿ ಇದ್ದರು. ಬಿಜಾಪುರದ ಕಡೆಯವರು. ಊರು ಬಿಟ್ಟು ಬಂದು ಒಂಟಿಯಾಗಿದ್ದ ಗಂಡಸರಿಗೆ ನೀಲಕ್ಕ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅವರ ಖೋಲಿಯಿಂದ ತಟ್ಟತಟ್ಟ ಎಂದು ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ನಮ್ಮ ಅಮ್ಮ ಗಡಿಯಾರ ನೋಡುತ್ತಿರಲಿಲ್ಲ. ಆ ಸಪ್ಪಳ ಕೇಳಿ ಒಲೆ ಹೊತ್ತಿಸುತ್ತಿದ್ದರು.

ನೀಲಕ್ಕನ ಗಂಡ ಚನ್ನಪ್ಪ ಏಳು ವರ್ಷಗಳ ಹಿಂದೆ ಇನ್ನೊಬ್ಬಳ ಜೊತೆ ಹೋಗಿಬಿಟ್ಟಿದ್ದ. ದೂರವೇನಲ್ಲ, ಘಾಟ್ಕೋಪರಿಗೆ. ರೈಲಿನಲ್ಲಿ ಕೂತರೆ ಕಡಲೆಕಾಯಿ ತಿಂದು ಮುಗಿಸುವಷ್ಟರಲ್ಲಿ ಬರುವ ಊರು. ಆದರೂ ಆ ಏಳು ವರ್ಷ ಅವನು ಈ ಕಡೆ ಮುಖ ಹಾಕಿರಲಿಲ್ಲ. ಇದು ಚಾಳಿಗೆಲ್ಲ ಗೊತ್ತು, ಯಾರೂ ಮಾತಾಡುತ್ತಿರಲಿಲ್ಲ.

ಕಸ್ತೂರಿ ನನ್ನ ಗೆಳತಿ. ಇಬ್ಬರೂ ಮಾಟುಂಗಾದ ಕನ್ನಡ ಶಾಲೆಗೆ ಒಟ್ಟಿಗೆ ಲೋಕಲ್‌ನಲ್ಲಿ ಹೋಗುತ್ತಿದ್ದೆವು. ಅವಳು ಲೆಕ್ಕದಲ್ಲಿ ಮುಂದು, ನಾನು ಬಾಯಲ್ಲಿ ಮುಂದು.

ಈ ಬಾಯಿಯೇ ಎಲ್ಲದಕ್ಕೂ ಕಾರಣ. ನಮ್ಮ ತಂದೆ ಒಂದು ಕನ್ನಡ ಮಾಸಪತ್ರಿಕೆ ತರಿಸುತ್ತಿದ್ದರು. ಅದರಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಗ್ಯಾಲರಿಯಲ್ಲಿ ಹೆಂಗಸರು ಮೊರ ಹಿಡಿದು ಕೂರುತ್ತಿದ್ದರು. ಅಮ್ಮ ಅಕ್ಕಿ ಆರಿಸುವರು, ನೀಲಕ್ಕ ಜೋಳ ಹಸನು ಮಾಡುವರು, ಉಡುಪಿ ಕಡೆಯ ವಾರಿಜಕ್ಕ ಏನೂ ಮಾಡದೆ ಎಲೆಯಡಿಕೆ ಹಾಕುವರು. ನಾನು ಮಧ್ಯೆ ಕೂತು ಗಟ್ಟಿಯಾಗಿ ಓದಬೇಕು. ನೀಲಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಅವರಷ್ಟು ಗಮನವಿಟ್ಟು ಕೇಳುವವರನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ನನಗೂ ಅಮಲು ಏರುತ್ತಿತ್ತು. ದುಃಖದ ಜಾಗದಲ್ಲಿ ಗಂಟಲು ನಡುಗಿಸುತ್ತಿದ್ದೆ. ಹದಿನೈದು ವರ್ಷದ ಹುಡುಗಿ ಗಂಟಲು ನಡುಗಿಸಿದರೆ ಅಷ್ಟು ಜನ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ ಎಂದಾಗ ತಲೆ ತಿರುಗದೆ ಇರುತ್ತದೆಯೆ?

ಧಾರಾವಾಹಿಯ ಕಥೆ ಇಷ್ಟು. ವಸುಧಾ ಎಂಬಾಕೆ. ಗಂಡ ಅವಳನ್ನೂ ಹಸುಗೂಸನ್ನೂ ಬಿಟ್ಟುಹೋಗಿದ್ದಾನೆ. ಅವಳು ಶಾಲೆಯಲ್ಲಿ ಪಾಠ ಹೇಳಿ ಮಗಳನ್ನು ಸಾಕುತ್ತಾಳೆ. ಹನ್ನೊಂದನೆಯ ಕಂತಿನ ಕೊನೆಯಲ್ಲಿ ಮಳೆ. ಯಾರೋ ಬಾಗಿಲು ಬಡಿಯುತ್ತಾರೆ. ಕಿಟಕಿಯಿಂದ ನೋಡಿದರೆ ಗಂಡ, ಕೋಲೂರಿಕೊಂಡು ನಿಂತಿದ್ದಾನೆ. 'ಮುಂದಿನ ಸಂಚಿಕೆಯಲ್ಲಿ ಮುಗಿಯುತ್ತದೆ' ಎಂದು ಅಚ್ಚು ಹಾಕಿದ್ದರು.

ಆ ಮುಂದಿನ ಸಂಚಿಕೆ ಬರಲೇ ಇಲ್ಲ. ಅಂಚೆಯಲ್ಲಿ ಎಲ್ಲಿ ಹೋಯಿತೋ. ಅದರ ಮುಂದಿನ ತಿಂಗಳಿನದು ಸರಿಯಾಗಿ ಬಂತು, ಅದರಲ್ಲಿ ಬೇರೆಯೇ ಧಾರಾವಾಹಿ ಶುರುವಾಗಿತ್ತು. ಹೆಂಗಸರು ನನ್ನನ್ನು ಬಿಡಲಿಲ್ಲ. "ಎಂತ ಮಾರಾಯ್ತಿ, ಆ ಗಂಡಸು ಎಷ್ಟು ದಿನ ಮಳೆಯಲ್ಲಿ ನಿಲ್ಲುವುದು? ಶೀತ ಆಗುದಿಲ್ವಾ?" ಎಂದು ವಾರಿಜಕ್ಕ. ನೀಲಕ್ಕ ಮಾತ್ರ ಎಲ್ಲರೆದುರು ಕೇಳುತ್ತಿರಲಿಲ್ಲ. ನಳದ ಹತ್ತಿರ ನಾನು ಸಿಕ್ಕಿದರೆ ಕೊಡ ಕೆಳಗಿಟ್ಟು, "ಬಂತೇನವಾ ಪುಸ್ತಕ?" ಎನ್ನುವರು. ಇಲ್ಲವೆಂದರೆ ಕೊಡ ಎತ್ತಿಕೊಂಡು ಹೋಗುವರು.

ಇದೇ ದಿನಗಳಲ್ಲಿ ಒಂದು ಬೆಳಿಗ್ಗೆ ರೈಲಿನಲ್ಲಿ ಕಸ್ತೂರಿ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಅಪ್ಪಗ ಲಕ್ವಾ ಹೊಡದೈತಂತ. ಆಕಿ ಬಿಟ್ಟ ಹೋಗ್ಯಾಳಂತ. ಮನಿಗಿ ಬರ್ತೀನಿ ಅಂತ ಎರಡ ಸಲ ಹೇಳಿ ಕಳಿಸ್ಯಾನ. ಅವ್ವ ಒಲ್ಲೆ ಅಂದಾಳ."

"ಸರಿಯಾಗೇ ಅಂದಿದ್ದಾರೆ ಬಿಡು," ಎಂದೆ ನಾನು.

"ಒಂದ ಖೋಲಿ. ಅಂವ ಬಂದ್ರ ನಾ ಎಲ್ಲಿ ಕುಂತು ಓದ್ಲಿ, ಹೇಳು," ಎಂದಳು ಕಸ್ತೂರಿ. ಸಯನ್ ಸ್ಟೇಷನ್ ಬಂತು, ಜನ ನುಗ್ಗಿದರು, ಮಾತು ಅಲ್ಲಿಗೇ ನಿಂತಿತು.

ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡಿದ್ದೇನೆ. ಆದರೆ ಆ ಬೆಳಿಗ್ಗೆ ಅವಳು ಹೇಳಿದ್ದು, ನಾನು ಸರಿಯೆಂದದ್ದು ಎರಡೂ ನಿಜ.

ಮುಂದಿನ ಶನಿವಾರ ನಾನು ಹಳೆಯ ಸಂಚಿಕೆಯೊಂದಕ್ಕೆ ಖಾಕಿ ಕಾಗದದ ರಟ್ಟು ಹಾಕಿ ಗ್ಯಾಲರಿಗೆ ತಂದೆ. "ಬಂತು!" ಎಂದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ. ಎರಡು ತಿಂಗಳಿನಿಂದ ನನ್ನನ್ನು ಯಾರೂ ಸುತ್ತುವರಿದು ಕೂತಿರಲಿಲ್ಲ, ಅದೇ ಕಾರಣವಿರಬೇಕು. ಹೆಂಗಸರೆಲ್ಲ ಮೊರ ಸಮೇತ ಓಡಿ ಬಂದರು. ಕಸ್ತೂರಿಯೂ ಬಂದು ತಾಯಿಯ ಹಿಂದೆ ಗೋಡೆಗೆ ಒರಗಿ ಕೂತಳು.

ನಾನು ಇಲ್ಲದ ಕಥೆಯನ್ನು ಓದತೊಡಗಿದೆ. ಮಳೆಯನ್ನು ಚೆನ್ನಾಗಿ ಸುರಿಸಿದೆ. ಗುಡುಗನ್ನೂ ಹಾಕಿದೆ. ವಸುಧಾ ಚಿಲಕದ ಮೇಲೆ ಕೈಯಿಟ್ಟಳು, ಕೈ ತೆಗೆದಳು, ಮತ್ತೆ ಇಟ್ಟಳು. ಹೀಗೆ ಎಷ್ಟು ಹೊತ್ತು ಎಳೆಯಬಹುದು? ನಾಲ್ಕು ಗಂಟೆಗೆ ನಳದಲ್ಲಿ ನೀರು ಬರುತ್ತಿತ್ತು, ಆಮೇಲೆ ಒಬ್ಬರೂ ಕೂರುವುದಿಲ್ಲ. ಅವಳು ಬಾಗಿಲು ತೆರೆಯದೆ ಹೋದರೆ ಅವನು ಎಲ್ಲಿಗೆ ಹೋದ, ಇವಳು ಅತ್ತಳೋ ಇಲ್ಲವೋ, ಎಲ್ಲ ಹೇಳಬೇಕು. ತೆರೆಸಿಬಿಟ್ಟರೆ ಮುಗಿಯಿತು. ನಿಜ ಹೇಳುತ್ತೇನೆ, ಅಷ್ಟೇ ಯೋಚನೆ ಮಾಡಿದ್ದೆ. ಅಷ್ಟೇ ಎಂದು ನೆನಪು. ಅವತ್ತಿನ ತನಕ ನಾನು ಕ್ಷಮಿಸಿದ್ದೆಂದರೆ ನನ್ನ ಕಂಪಾಸು ಪೆಟ್ಟಿಗೆ ಮುರಿದ ತಮ್ಮನನ್ನು, ಅದೂ ಅಮ್ಮ ಗದರಿಸಿದ ಮೇಲೆ.

"ಬಾಗಲಾ ತಗದ್ಲು?" ಎಂದು ನೀಲಕ್ಕ ಕೇಳಿದರು. ಓದುವಾಗ ಅವರು ಯಾವತ್ತೂ ನಡುವೆ ಬಾಯಿ ಹಾಕಿದವರಲ್ಲ.

"ತೆಗೆದಳು."

"ತಗದು ಏನಂದ್ಲು?"

ನಾನು ಪುಟದ ಮೇಲೆ ಬೆರಳಿಟ್ಟು, ಗಂಟಲು ನಡುಗಿಸಿ ಓದಿದೆ: "'ಕಾಲು ತೊಳೆದುಕೊಂಡು ಒಳಗೆ ಬನ್ನಿ. ಅನ್ನ ಆರಿಹೋಗುತ್ತೆ' ಎಂದಳು."

ವಾರಿಜಕ್ಕ ಗಳಗಳ ಅತ್ತರು. ಅಮ್ಮ, "ಹೆಣ್ಣು ಜನ್ಮ, ಇನ್ನೇನು ಮಾಡ್ತಾಳೆ," ಎಂದು ಅಕ್ಕಿಯನ್ನು ಡಬ್ಬಕ್ಕೆ ತುಂಬಿದರು. ನೀಲಕ್ಕ ಮೊರದಲ್ಲಿದ್ದ ಜೋಳವನ್ನು ಹಾಗೇ ಬಿಟ್ಟು ಎದ್ದು ಒಳಗೆ ಹೋದರು. ಕಸ್ತೂರಿಯ ಕಡೆ ನಾನು ನೋಡಲಿಲ್ಲ.

ಬುಧವಾರ ನಾವಿಬ್ಬರೂ ಶಾಲೆಯಿಂದ ಬಂದಾಗ ಚಾಳಿನ ಮುಂದೆ ಒಂದು ಕುದುರೆಗಾಡಿ ನಿಂತಿತ್ತು. ಇಬ್ಬರು ಗಂಡಸರು ಒಬ್ಬನನ್ನು ಕಂಕುಳಿಗೆ ಕೈಕೊಟ್ಟು ಮೆಟ್ಟಿಲು ಹತ್ತಿಸುತ್ತಿದ್ದರು. ಅವನ ಎಡಗೈ ಜೋತುಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ನಾವು ಅವರ ಹಿಂದೆ ಒಂದೊಂದೇ ಮೆಟ್ಟಿಲು ಹತ್ತಿದೆವು, ದಾರಿ ಬಿಡಿ ಎನ್ನುವ ಹಾಗಿರಲಿಲ್ಲ. ಮೇಲೆ ನೀಲಕ್ಕ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದರು. ಗ್ಯಾಲರಿಯ ತುಂಬ ಜನ. ನೀಲಕ್ಕ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೇಳಿದರು:

"ಕಾಲ ತೊಳಕೊಂಡು ಒಳಗ ಬರ್ರಿ. ರೊಟ್ಟಿ ಆರಿ ಹೊಕ್ಕಾವು."

ನನ್ನ ಕೈಯಲ್ಲಿದ್ದ ಪುಸ್ತಕಗಳು ಕೆಳಗೆ ಬಿದ್ದವು. ಅನ್ನದ ಜಾಗದಲ್ಲಿ ರೊಟ್ಟಿ, ಉಳಿದಿದ್ದೆಲ್ಲ ನನ್ನ ಮಾತು. ಕಸ್ತೂರಿ ಬಗ್ಗಿ ಪುಸ್ತಕಗಳನ್ನು ಆರಿಸಿ ನನ್ನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತಳು. ದೀಪ ಹಚ್ಚುವ ತನಕ ಅಲ್ಲೇ ಕೂತಿದ್ದಳು.

ಕಿಟಕಿಯ ಹತ್ತಿರ ಅವಳು ಕೂತು ಓದುತ್ತಿದ್ದ ಮಂಚ ಚನ್ನಪ್ಪನದಾಯಿತು. ನೀಲಕ್ಕನಿಗೆ ರೊಟ್ಟಿಯ ಕೆಲಸ ಬಿಡುವ ಹಾಗಿಲ್ಲ. ಅವನನ್ನು ಎಬ್ಬಿಸಬೇಕು, ಕೂರಿಸಬೇಕು, ಉಣಿಸಬೇಕು, ಒರೆಸಬೇಕು. ಮೂರು ತಿಂಗಳಾಗುವಷ್ಟರಲ್ಲಿ ಕಸ್ತೂರಿ ಶಾಲೆ ಬಿಟ್ಟಳು. ಮೆಟ್ರಿಕ್‌ಗೆ ಇನ್ನೊಂದೇ ವರ್ಷವಿತ್ತು. ಅಪ್ಪನ ಕೆಲಸವೆಲ್ಲ ಮಾಡುತ್ತಿದ್ದಳು, ಅವನ ಜೊತೆ ಮಾತು ಮಾತ್ರ ಆಡುತ್ತಿರಲಿಲ್ಲ. ನಾನು ಲೋಕಲ್‌ನಲ್ಲಿ ಒಬ್ಬಳೇ ಹೋಗಿಬರತೊಡಗಿದೆ.

ಆ ಹೊತ್ತಿಗೇ ನಮ್ಮ ತಂದೆ ಸಯನ್‌ನಲ್ಲಿದ್ದ ಸ್ನೇಹಿತರೊಬ್ಬರ ಮನೆಯಿಂದ ತಪ್ಪಿಹೋಗಿದ್ದ ಸಂಚಿಕೆಯನ್ನು ಕೇಳಿ ತಂದರು. "ತಗೋ, ನಿಮ್ಮ ಹೆಂಗಸರ ಸಭೆಗೆ," ಎಂದು ನನ್ನ ಮಡಿಲಿಗೆ ಹಾಕಿದರು. ನಾನು ಬಚ್ಚಲ ಮೋರಿಯ ಹತ್ತಿರ ನಿಂತು ಓದಿದೆ. ನಿಜವಾದ ಕಥೆಯಲ್ಲಿ ವಸುಧಾ ಚಿಲಕದ ಮೇಲೆ ಕೈಯಿಟ್ಟು ಒಮ್ಮೆ ಹಿಂದಕ್ಕೆ ತಿರುಗುತ್ತಾಳೆ. ಮಗಳು ದೀಪದ ಮುಂದೆ ಕೂತು ಲೆಕ್ಕ ಮಾಡುತ್ತಿದ್ದಾಳೆ. ತಲೆ ಎತ್ತುವುದಿಲ್ಲ. ವಸುಧಾ ಕೈ ತೆಗೆಯುತ್ತಾಳೆ. "ನೀವು ಹುಡುಕಿಕೊಂಡು ಬಂದವಳು ಈ ಮನೆಯಲ್ಲಿ ಇಲ್ಲ," ಎಂದು ಒಳಗಿನಿಂದಲೇ ಹೇಳುತ್ತಾಳೆ. ಕಥೆ ಮುಗಿಯುತ್ತದೆ.

ಪತ್ರಿಕೆಯನ್ನು ಟ್ರಂಕಿನ ತಳದಲ್ಲಿಟ್ಟೆ. ಮಾರನೆಯ ದಿನ ತಂದೆಗೆ ವಾಪಸು ಕೊಟ್ಟೆ. "ಓದಿದಿರಾ?" ಎಂದರು. "ಓದಿದೆವು," ಎಂದೆ.

ಚನ್ನಪ್ಪ ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವನನ್ನು ಬೈದುಕೊಂಡಾದರೂ ಇರಬಹುದಿತ್ತು. ವರ್ಷ ಕಳೆಯುವಷ್ಟರಲ್ಲಿ ಅವನು ಗೋಡೆ ಹಿಡಿದು ಗ್ಯಾಲರಿಗೆ ಬಂದು ಕೂರುವಂತಾದ. ಬಲಗೈಯಿಂದ ಜೋಳ ಆರಿಸುವ. ಚಾಳಿನ ಮಕ್ಕಳನ್ನು ಕೂರಿಸಿಕೊಂಡು ಸೊಟ್ಟ ಬಾಯಲ್ಲಿ ಕೋಳಿ ಕೂಗುವ, ಎಮ್ಮೆ ಕೂಗುವ. ನನ್ನ ತಮ್ಮ ಅವನನ್ನು ಬಿಟ್ಟು ಏಳುತ್ತಲೇ ಇರಲಿಲ್ಲ. ಅಮ್ಮನೂ ಹಬ್ಬದ ದಿನ, "ಪಾಪ, ಆ ಮನುಷ್ಯನಿಗೆ ಎರಡು ಹೋಳಿಗೆ ಕೊಟ್ಟು ಬಾ," ಎನ್ನತೊಡಗಿದರು. ಅವನು ಹೆಂಡತಿಯ ಹತ್ತಿರ ತಪ್ಪಾಯಿತು ಎಂದನೋ ಇಲ್ಲವೋ, ನೀಲಕ್ಕ ಹೋಗಲಿ ಬಿಡಿ ಎಂದರೋ ಇಲ್ಲವೋ, ನಮಗೆ ಗೊತ್ತಿಲ್ಲ. ಗೋಡೆ ತೆಳ್ಳಗೇ ಇತ್ತು, ಅಂಥ ಮಾತೊಂದೂ ಈಚೆ ಬರಲಿಲ್ಲ. ಎರಡೂವರೆ ವರ್ಷವಿದ್ದ. ಒಂದು ಮಧ್ಯಾಹ್ನ ಮಲಗಿದವನು ಏಳಲಿಲ್ಲ. ನೀಲಕ್ಕ ಗಟ್ಟಿಯಾಗಿ ಅಳಲಿಲ್ಲ. ಕೆಲವು ದಿನ ಬಿಟ್ಟು ರೊಟ್ಟಿಯ ಸಪ್ಪಳ ಮತ್ತೆ ಕೇಳಿತು. ನಮ್ಮ ಅಮ್ಮ ಒಲೆ ಹೊತ್ತಿಸುವುದನ್ನು ಮರೆತು ಆ ಸಪ್ಪಳವನ್ನೇ ಕೇಳುತ್ತ ನಿಂತಿದ್ದರು.

ಕಸ್ತೂರಿ ನರ್ಸು ಕೆಲಸ ಕಲಿಯಲು ಒಂದು ಆಸ್ಪತ್ರೆಗೆ ಸೇರಿದಳು. ಮೆಟ್ರಿಕ್ ಆಗದವರನ್ನೂ ತೆಗೆದುಕೊಳ್ಳುವ ಒಂದು ತರಗತಿ ಇತ್ತಂತೆ. "ರೋಗಿ ನೋಡೂದು ನನಗ ಹೊಸಾದೇನಲ್ಲ," ಎಂದು ಹೇಳಿ ಹಾಸಿಗೆ ಸುತ್ತಿಕೊಂಡು ಹೋದಳು. ನಾನು ಆಗ ಕಾಲೇಜಿನಲ್ಲಿದ್ದೆ. ಕಾಲೇಜಿಗೆ ಹೋಗುವ ದಾರಿಯಲ್ಲೇ ಅವಳ ಹಾಸ್ಟೆಲು. ಐದಾರು ಸಲ ಗೇಟಿನ ತನಕ ಹೋಗಿ ತಿರುಗಿ ಬಂದೆ. ಒಂದು ದಿನ ಒಳಗೆ ಹೋದೆ.

ಬಿಳಿ ಸೀರೆ ಉಟ್ಟ ಕಸ್ತೂರಿ ಹೊರಗಿನ ಬೆಂಚಿಗೆ ನನ್ನನ್ನು ಕರೆದುಕೊಂಡು ಬಂದಳು. ನಾನು ಕೂತವಳೇ ಹೇಳಿಬಿಟ್ಟೆ. ಸಂಚಿಕೆ ಬರಲೇ ಇಲ್ಲ, ನಾನು ಓದಿದ್ದು ಸುಳ್ಳು, ನಿಜವಾದ ಕಥೆಯಲ್ಲಿ ಅವಳು ಬಾಗಿಲು ತೆರೆಯುವುದೇ ಇಲ್ಲ, ಎಲ್ಲ. ಅಳುವನ್ನೂ ಸಿದ್ಧ ಮಾಡಿಕೊಂಡು ಹೋಗಿದ್ದೆ.

"ಗೊತ್ತೈತಿ," ಎಂದಳು ಕಸ್ತೂರಿ.

"ಏನು ಗೊತ್ತು?"

"ಸಾಲಿ ವಾಚನಾಲಯದಾಗ ಆ ಪುಸ್ತಕ ಬಂದಿತ್ತು. ಸಾಲಿ ಬಿಡೂ ಮುಂಚೆ ಓದೀನಿ."

ನನಗೆ ಬಂದಿದ್ದ ಅಳು ಎಲ್ಲಿಗೋ ಹೋಯಿತು. "ಮತ್ತೆ ಯಾಕೆ ಹೇಳ್ಲಿಲ್ಲ ಕಣೇ? ನೀಲಕ್ಕನಿಗೆ ಹೇಳಿದ್ರೆ..."

"ಹೇಳಾಕಂತನ ಓಡಿಕೋತ ಮನಿಗಿ ಹೋದೆ. ಅವ್ವ ಅಪ್ಪಗ ಗಂಜಿ ಕುಡಸಾಕತ್ತಿದ್ಲು. ಗಂಜಿ ಬಾಯಿಂದ ಸೋರತಿತ್ತು, ಸೆರಗಿಲೆ ಒರಸಿ ಒರಸಿ ಕುಡಸಾಕತ್ತಿದ್ಲು. ಬಟ್ಟಲಾ ಇನ್ನೂ ಅರ್ಧ ಇತ್ತು. ಅಂಥಾದ್ರಾಗ ಹೆಂಗ ಹೇಳ್ಲಿ? ಮುಗೀಲಿ ಅಂತ ನಿಂತೆ. ಮುಗದ ಮ್ಯಾಲೆ ಹೇಳಬೇಕನಸಲಿಲ್ಲ."

ಆಮೇಲೆ ನಾನು, ಇಂಥ ಹೊತ್ತಿನಲ್ಲಿ ಕೇಳಬೇಕಾದ್ದೆಂದು ಕಥೆಗಳಲ್ಲಿ ಓದಿದ್ದನ್ನು ಕೇಳಿದೆ: "ನನ್ನ ಕ್ಷಮಿಸ್ತೀಯಾ?"

ಕಸ್ತೂರಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. "ನೀ ಏನ್ ಅಷ್ಟ ದೊಡ್ಡಾಕಿ ಅಂತ ತಿಳಕೊಂಡೀಯೇನ? ನೀ ಓದದಿದ್ರೂ ಅವ್ವ ಕರಕೊಂಡ ಬರತಿದ್ಲೋ ಏನೋ. ಬರತಿದ್ದಿಲ್ಲೋ ಏನೋ. ಯಾರಿಗ್ಗೊತ್ತು." ಎದ್ದು ಸೀರೆ ಸರಿಮಾಡಿಕೊಂಡಳು. "ನನಗ ಒಂದ ಮಾತ ಕೇಳೂದೈತಿ. ಆ ಬರದವ್ರು ಮಗಳ ಕಡೆ ತಿರಗಿ ನೋಡ್ಸ್ಯಾರ. ನಿನ್ನ ಕತಿಯೊಳಗ ಮಗಳು ಎಲ್ಲಿದ್ಲು?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಮರೆತುಹೋಗಿತ್ತು," ಎಂದೆ.

"ಮರತಿದ್ದಿ," ಎಂದಳು. ಸಿಟ್ಟಿನಿಂದ ಅಂದಳೋ, ನಗುತ್ತ ಅಂದಳೋ, ಈಗಲೂ ಹೇಳಲಾರೆ. ಒಳಗೆ ಗಂಟೆ ಹೊಡೆಯಿತು. ಹೋಗುವಾಗ ಗೇಟಿನ ಹತ್ತಿರ ನನ್ನ ಮುಂಗೈ ಹಿಡಿದಳು. "ಅವ್ವಗ ಮಾತ್ರ ಹೇಳಬ್ಯಾಡ. ಅಷ್ಟ ಮಾಡ್ಯಾಳ, ಅದು ಸುಳ್ಳ ಕತಿ ಕೇಳಿ ಅಂತಾಗೂದು ಬ್ಯಾಡ."

"ಆಯ್ತು," ಎಂದೆ.

ಹೇಳುವುದಿಲ್ಲವೆಂದೇ ನಿಶ್ಚಯಿಸಿದ್ದೆ. ಒಂದು ತಿಂಗಳು ಹೇಳಲೂ ಇಲ್ಲ. ಒಂದು ದಿನ ಮಧ್ಯಾಹ್ನ ನೀಲಕ್ಕ ಒಬ್ಬರೇ ಗ್ಯಾಲರಿಯಲ್ಲಿ ಕೂತಿದ್ದರು. ನನ್ನನ್ನು ಕರೆದು, "ಪದ್ಮಾ, ಆ ವಸುಧಾನ ಕತಿ ಮತ್ತೊಮ್ಮಿ ಓದಿ ಹೇಳವಾ," ಎಂದರು. "ಅಂವ ಒಳಗ ಬಂದ ಮ್ಯಾಲೆ ಏನಾತು ಅನ್ನೂದು ನನಗ ನೆನಪಿಲ್ಲ."

ಇನ್ನೊಮ್ಮೆ ಕಟ್ಟಿ ಹೇಳುವುದು ಕಷ್ಟವಾಗಿರಲಿಲ್ಲ. ಗುಡುಗು, ಮಳೆ, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅವರು ಮೊರ ಪಕ್ಕಕ್ಕಿಟ್ಟು ನನ್ನ ಮುಖ ನೋಡುತ್ತ ಕೂತರು. ಆ ಮುಖಕ್ಕೆ ಎರಡನೇ ಸಲ ಸುಳ್ಳು ಹೇಳಲಾಗಲಿಲ್ಲ. ಹೇಳಿಬಿಟ್ಟೆ. ಕಸ್ತೂರಿಗೆ ಗೊತ್ತಿದೆ ಎನ್ನುವುದೊಂದನ್ನು ಬಿಟ್ಟು ಉಳಿದಿದ್ದನ್ನೆಲ್ಲ ಹೇಳಿದೆ.

ನೀಲಕ್ಕ ಪೂರ್ತಿ ಕೇಳಿದರು. "ಹಂಗಾದ್ರ ಖರೇ ಕತಿಯೊಳಗ ಬಾಗಲಾ ತಗೀಲೇ ಇಲ್ಲ?"

"ಇಲ್ಲ ನೀಲಕ್ಕ."

ಅವರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಆಗುತ್ತಿತ್ತು. ಅವರು ಎಲ್ಲೋ ನೋಡುತ್ತ ಯೋಚಿಸಿದರು. "ಮಳಿ ಇತ್ತಲ್ಲ," ಎಂದರು. "ಕೋಲ ಹಿಡಕೊಂಡು ಬಂದಿದ್ದ. ಮುಂದ ಅಂವ ಎಲ್ಲಿ ಹ್ವಾದ?"

"ಅದನ್ನ ಬರೆದಿಲ್ಲ."

"ಬರದಿಲ್ಲ?" ನೀಲಕ್ಕನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಮನಶ್ಯಾನ ಹೊರಗ ನಿಂದ್ರಿಸಿ ಕತಿ ಮುಗಸಿಬಿಟ್ರು?" ಮೊರವನ್ನು ಮತ್ತೆ ತೊಡೆಯ ಮೇಲೆಳೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ಆಕಿ ಮಾಡಿದ್ದೂ ಖರೇನ ಐತಿ," ಎಂದರು. "ಮಗಳು ಸಾಲಿ ಬಿಡಲಿಲ್ಲಲ್ಲ ಆಕೀದು."

ನಾನು ಏಳುವಾಗ ಅವರು ನನ್ನ ಸೆರಗು ಹಿಡಿದು ಜಗ್ಗಿದರು. "ಕಸ್ತೂರಿಗಿ ಇದನ್ನ ಹೇಳಬ್ಯಾಡ, ಪದ್ಮಾ. ನಮ್ಮವ್ವ ಯಾವುದೋ ಸುಳ್ಳ ಕತಿ ಕೇಳಿ ನನ್ನ ಸಾಲಿ ಬಿಡಿಸಿದ್ಲು ಅಂತ ಆಕಿಗಿ ಗೊತ್ತಾಗಬಾರದು."

"ಆಯ್ತು ನೀಲಕ್ಕ," ಎಂದೆ. ಇನ್ನೇನು ಹೇಳಲಿ?

ಅದೇ ಭಾನುವಾರ ಕಸ್ತೂರಿ ರಜೆಯೆಂದು ಮನೆಗೆ ಬಂದಳು. ನೀಲಕ್ಕ ನನ್ನನ್ನೂ ಊಟಕ್ಕೆ ಕರೆದರು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಮೂವರೂ ನೆಲದ ಮೇಲೆ ಕೂತೆವು. ಮಗಳು ತಾಯಿಗೆ ಆಸ್ಪತ್ರೆಯ ಸುದ್ದಿ ಹೇಳುತ್ತಿದ್ದಳು. ತಾಯಿ ಮಗಳ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಇಷ್ಟು ವರ್ಷದಲ್ಲಿ ಅವರಿಬ್ಬರೂ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಒಬ್ಬರನ್ನೊಬ್ಬರು ಕ್ಷಮಿಸಿದ್ದರೋ, ಒಬ್ಬರಿಂದೊಬ್ಬರು ಬಚ್ಚಿಡುತ್ತಿದ್ದರೋ, ಅಥವಾ ಎರಡೂ ಒಂದೇ ಆಗಿತ್ತೋ. ಎರಡು ಮಾತಿನಲ್ಲಿ ನಾನು ಎಲ್ಲ ಬಿಚ್ಚಿ ಹೇಳಬಹುದಿತ್ತು. ಹೇಳುವುದು ಒಳ್ಳೆಯದೋ, ಹೇಳದಿರುವುದು ಒಳ್ಳೆಯದೋ.

"ಯಾಕ ಪದ್ಮಾ, ಉಣ್ಣಾಕ ಒಲ್ಲಿ? ಏನಾತು?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

"ಪಲ್ಯ ಖಾರ," ಎಂದೆ ನಾನು.